ಹಳದಿ ಬೋರ್ಡಿನ ಲೆಕ್ಕ

ಸ್ವಿಟ್ಜರ್ಲೆಂಡಿನ ಬೆಟ್ಟದ ದಾರಿಗಳಲ್ಲಿ ಹಳದಿ ಬೋರ್ಡು ನೆಟ್ಟಿರುತ್ತಾರೆ. ಅದರಲ್ಲಿ ಇಷ್ಟು ಕಿಲೋಮೀಟರ್ ಅಂತ ಬರೆದಿರುವುದಿಲ್ಲ. ಇಷ್ಟು ಗಂಟೆ, ಇಷ್ಟು ನಿಮಿಷ ಅಂತ ಬರೆದಿರುತ್ತದೆ. ಯಾರ ಕಾಲಿಗೆ ಅಂತ ಮಾತ್ರ ಬರೆದಿರುವುದಿಲ್ಲ.

ನಮ್ಮ ಕಡೆ ಈ ತಾಪತ್ರಯ ಇಲ್ಲ. ಬೆಟ್ಟ ಹತ್ತುವಾಗ ಎದುರಿಗೆ ಸಿಕ್ಕವರನ್ನು "ಇನ್ನೆಷ್ಟು ದೂರ?" ಅಂತ ಕೇಳಿದರೆ "ಇಲ್ಲೇ ಸಾರ್, ಒಂದು ಕೂಗಳತೆ" ಅನ್ನುತ್ತಾರೆ. ಇನ್ನೊಂದು ಗಂಟೆ ಏದುಸಿರು ಬಿಟ್ಟ ಮೇಲೆ ಸಿಗುವವರೂ ಅದನ್ನೇ ಹೇಳುತ್ತಾರೆ. ಸುಳ್ಳೇ ಇರಬಹುದು. ಆದರೆ ಆ ಸುಳ್ಳಿನಲ್ಲಿ ಸ್ವಲ್ಪ ಕರುಣೆ ಇದೆ.

ಹಳದಿ ಬೋರ್ಡಿಗೆ ಕರುಣೆ ಇಲ್ಲ. ಅದನ್ನು ನಂಬುವ ನನ್ನ ಭಾಮೈದನಿಗಂತೂ ಮೊದಲೇ ಇಲ್ಲ. ಅವನು ಜೂರಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಅಕ್ಕ, ಭಾವ ಬಂದಿದ್ದಾರಲ್ಲ ಅಂತ ರಜೆ ಹಾಕಿ ನಮ್ಮನ್ನು ಗ್ರಿಂಡೆಲ್‌ವಾಲ್ಡ್‌ಗೆ ಕರೆದುಕೊಂಡು ಹೋದ. ಐಗರ್ ಶಿಖರದ ಬುಡದಲ್ಲಿರುವ ಹಳ್ಳಿ ಅದು. ಬಾಲ್ಕನಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಬೆಟ್ಟ ನೋಡೋಣ ಅಂತ ನಾವಂದುಕೊಂಡಿದ್ದೆವು. ಅವನು ಬೆಳಿಗ್ಗೆ ಆರಕ್ಕೇ ಬೂಟು ಕಟ್ಟಿ ನಿಂತಿದ್ದ.

"ಭಾವ, ಬೋರ್ಡಿನ ಲೆಕ್ಕ ಪಕ್ಕಾ ಇರತ್ತೆ. ಸಮತಟ್ಟು ದಾರೀಲಿ ಗಂಟೆಗೆ 4.2 ಕಿಲೋಮೀಟರ್ ಅಂತ ಹಿಡೀತಾರೆ. ಏರು, ಇಳಿಜಾರಿಗೆ ಬೇರೆ ಸೂತ್ರ ಇದೆ. ಕೂತ್ಕೊಳ್ಳೋ ಹೊತ್ತು ಮಾತ್ರ ಅದರಲ್ಲಿ ಸೇರಿಲ್ಲ."

"ಉಸಿರಾಡೋ ಹೊತ್ತು ಸೇರಿದೆಯೇನೋ?" ಅಂತ ಇವಳು ಕೇಳಿದಳು.

ಈ ದೇಶದವರಿಗೆ ನಡೆಯುವುದು ತಮಾಷೆಯ ವಿಷಯ ಅಲ್ಲ. 1979ರಲ್ಲಿ ಜನರ ಮತ ಕೇಳಿ ಕಾಲುದಾರಿಗಳನ್ನು ಸಂವಿಧಾನಕ್ಕೇ ಸೇರಿಸಿದವರು ಅವರು. ಪುಟ್ಟ ದೇಶ, ಚಾರಣದ ದಾರಿ ಮಾತ್ರ 65,000 ಕಿಲೋಮೀಟರಿಗೂ ಜಾಸ್ತಿ. ಸಂವಿಧಾನದಲ್ಲೇ ಇದೆ ಅಂದಮೇಲೆ ಒಲ್ಲೆ ಅನ್ನುವುದು ಹೇಗೆ?

ಶುರು ಚೆನ್ನಾಗಿಯೇ ಇತ್ತು. ಹಳ್ಳಿ ಇರುವುದು 1034 ಮೀಟರ್ ಎತ್ತರದಲ್ಲಿ. ಅಲ್ಲಿಂದ ಫಿರ್ಸ್ಟ್ ಎಂಬ ಜಾಗಕ್ಕೆ ತೂಗುಡಬ್ಬಿಯಲ್ಲಿ ಹೋಗಬೇಕು. ಕೂತು ಚಕ್ಕುಲಿ ಡಬ್ಬಿ ತೆರೆದೆವು. ಅರ್ಧ ಡಬ್ಬಿ ಖಾಲಿಯಾಗುವ ಹೊತ್ತಿಗೆ ನಮ್ಮ ಮುಳ್ಳಯ್ಯನಗಿರಿಯ 1930 ಮೀಟರ್ ಕೆಳಗೆ ಉಳಿದಿತ್ತು. ಬೆವರು ಹರಿಸದೆ ಕರ್ನಾಟಕದ ಅತಿ ಎತ್ತರದ ಜಾಗವನ್ನು ದಾಟಿದ ಖುಷಿ ಸ್ವಲ್ಪ ಹೊತ್ತು ಇತ್ತು.

ಡಬ್ಬಿಯಿಂದ ಇಳಿದ ಕೂಡಲೇ ಹಳದಿ ಬೋರ್ಡು. ಬಾಖಾಲ್ಪ್‌ಸೀ ಕೆರೆಗೆ 50 ನಿಮಿಷ. ಅದರಾಚೆ 2681 ಮೀಟರಿನ ಫೌಲ್‌ಹಾರ್ನ್ ಶಿಖರ. ಭಾಮೈದ ಕೈಗಡಿಯಾರದ ಗುಂಡಿ ಒತ್ತಿದ.

ಏರಿನಲ್ಲಿ ನಮಗೆ ಕಾಲಿಗಿಂತ ಜಾಸ್ತಿ ಕಾಟ ಕೊಟ್ಟಿದ್ದು ಮರ್ಯಾದೆ. ಅಲ್ಲಿ ಬೆಟ್ಟದ ದಾರಿಯಲ್ಲಿ ಎದುರಾದವರೆಲ್ಲ ನಮಸ್ಕಾರ ಹೇಳುತ್ತಾರೆ. "ಗ್ರ್ಯುಯೆಸ್ಸೆಖ್!" ಅಂತ. ವಾಪಸ್ ಹೇಳದಿದ್ದರೆ ಒರಟರು ಅಂದುಕೊಳ್ಳುತ್ತಾರೆ. ಹೇಳೋಣ ಅಂದರೆ ಆ ಕೊನೆಯ 'ಖ್' ಇದೆಯಲ್ಲ, ಅದಕ್ಕೆ ಎದೆಯಲ್ಲಿ ಉಳಿದಿರುವ ಉಸಿರೆಲ್ಲ ಬೇಕು. ಹತ್ತು ಜನರ ಗುಂಪು ಎದುರಾದರೆ ಹತ್ತು 'ಖ್'. ಆಮೇಲೆ ನಾನೊಂದು ಉಪಾಯ ಕಂಡುಕೊಂಡೆ. ಯಾರಾದರೂ ಕಂಡ ಕೂಡಲೇ ಬಗ್ಗಿ ಬೂಟಿನ ಲೇಸು ಕಟ್ಟುವುದು. ಉಸಿರೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಎರಡೂ ಕೈಯಲ್ಲಿ ಕೋಲು ಹಿಡಿದು ಟಕಟಕ ಅಂತ ಹಿಂದಿನಿಂದ ಬಂದು ನಮ್ಮನ್ನು ದಾಟಿದಾಗಲೂ ನಾನು ಲೇಸು ಕಟ್ಟುತ್ತಿದ್ದೆ.

ಕೆರೆಗೆ ಇನ್ನೂ ಸ್ವಲ್ಪ ದೂರ ಇರುವಾಗ ದಾರಿಗೆ ಅಡ್ಡಲಾಗಿ ಒಂದು ಹಸು ಮಲಗಿತ್ತು. ಕಂದು ಬಣ್ಣ, ಉದ್ದ ರೆಪ್ಪೆ. ಕೊರಳಲ್ಲಿ ಊರ ದೇವಸ್ಥಾನಕ್ಕೆ ಸಾಕಾಗುವಷ್ಟು ದೊಡ್ಡ ಗಂಟೆ. ಕರು ಜೊತೆಗಿರುವ ಹಸುಗಳ ಹತ್ತಿರ ಹೋಗಬೇಡಿ ಅಂತ ಅಲ್ಲಿ ಚಿತ್ರ ಸಮೇತ ಎಚ್ಚರಿಕೆ ಹಾಕಿರುತ್ತಾರೆ. ಇದರ ಜೊತೆ ಕರು ಇರಲಿಲ್ಲ. ಇವಳು ಸೀದಾ ಹೋಗಿ ಅದರ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಸು ತಿರುಗಿ ನೋಡಿತು. ಮರಳುಕಾಗದದಂಥ ನಾಲಗೆ ಚಾಚಿ ತೋಳನ್ನು ಒಂದು ಸಲ ನೆಕ್ಕಿತು. ಬೆವರಿನ ಉಪ್ಪು ಹಿಡಿಸಿರಬೇಕು. ಮತ್ತೆ ನೆಕ್ಕಿತು. ಮೊಣಕೈಯಿಂದ ಭುಜಕ್ಕೆ, ಭುಜದಿಂದ ಪುಳಿಯೋಗರೆ ಇದ್ದ ಬ್ಯಾಗಿನ ಪಟ್ಟಿಗೆ ಬಂತು.

"ಎಳ್ಕೊಂಡು ಈಚೆ ಬಾರೇ" ಅಂದೆ.

"ಸುಮ್ನಿರ್ರೀ, ಒಳ್ಳೇದಾಗತ್ತೆ."

ಮುಂದೆ ಹೋಗಿದ್ದ ಭಾಮೈದ ಓಡಿ ಬಂದ. "ಅಕ್ಕಾ! ಅದು ನನ್ನ ಜಾಕೆಟ್ಟು, ವಾಟರ್‌ಪ್ರೂಫು!"

"ವಾಟರ್‌ಪ್ರೂಫ್ ತಾನೇ? ಏನೂ ಆಗಲ್ಲ ಬಿಡೋ."

ಹೀಗೆ ಗೋಪೂಜೆಯೆಲ್ಲ ಮುಗಿದು ಬೋರ್ಡಿನ 50 ನಿಮಿಷ ನಮಗೆ ಒಂದೂಮುಕ್ಕಾಲು ಗಂಟೆಯಾಯಿತು. ಬೋರ್ಡು ತಪ್ಪು ಅಂತ ನಾನು. ನೀವು ತಪ್ಪು ಅಂತ ಅವನು. ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚುವವರೆಗೂ ಈ ಚರ್ಚೆ ನಡೆಯಿತು. ಕೆರೆ ಚೆನ್ನಾಗಿದೆ. ಫೋಟೋದಲ್ಲಿ ಎಲ್ಲರೂ ನೋಡಿರುತ್ತೀರಿ, ಹಾಗೇ ಇದೆ.

ಅಲ್ಲಿಂದ ಮೇಲಕ್ಕೆ ಏರು ಜೋರು. ನಾವು ಹತ್ತಿದಂತೆ ಮೋಡವೂ ಹತ್ತಿತು. ಅದಕ್ಕೆ ದಣಿವಿಲ್ಲ, ನಮಗಿಂತ ಮೊದಲೇ ತುದಿ ಮುಟ್ಟಿತು. ಫೌಲ್‌ಹಾರ್ನ್ ತುದಿಗೆ ಅಂಟಿಕೊಂಡಂತೆ ಒಂದು ಹೋಟೆಲಿದೆ, 19ನೇ ಶತಮಾನದ್ದು. ಬಾಗಿಲಿಗೆ ಡಿಕ್ಕಿ ಹೊಡೆಯುವಷ್ಟು ಹತ್ತಿರ ಹೋದ ಮೇಲೇ ಅದು ಕಂಡಿದ್ದು. ಬಿಸಿ ಸೂಪು ಕುಡಿದು ಹೊರಗೆ ಬಂದರೆ ಸುತ್ತಲೂ ಬರೀ ಬಿಳಿ.

ಭಾಮೈದ ಧೈರ್ಯಗೆಡಲಿಲ್ಲ. ಮೊಬೈಲಿನಲ್ಲಿ ಅವನದೊಂದು ಆ್ಯಪ್ ಇದೆ. ಯಾವ ದಿಕ್ಕಿಗೆ ಹಿಡಿದರೂ ಆ ಕಡೆಯ ಶಿಖರಗಳ ಗೆರೆ ಎಳೆದು ಹೆಸರು ತೋರಿಸುತ್ತದೆ. ಮೋಡಕ್ಕೆ ಅದನ್ನು ಹಿಡಿದು ಅವನು ವಿವರಿಸತೊಡಗಿದ.

"ಭಾವ, ಇಲ್ಲಿ ನೋಡಿ ಐಗರ್, 3967 ಮೀಟರ್. ಪಕ್ಕದಲ್ಲಿ ಮೋನ್ಶ್. ಅದರಾಚೆ ಯುಂಗ್‌ಫ್ರೌ, 4158. ಐಗರ್ ಉತ್ತರದ ಗೋಡೆ ಇದೆಯಲ್ಲ, ಅದನ್ನ ಪೂರ್ತಿ ಹತ್ತಿದ್ದು ಮೊದಲ ಸಲ 1938ರಲ್ಲಿ, ನಾಲ್ಕು ಜನ."

ನಾನು ಮೋಡ ನೋಡಿ ತಲೆಯಾಡಿಸಿದೆ.

"ಅವರಿಗಾದ್ರೂ ಬೆಟ್ಟ ಕಂಡಿತ್ತಾ?" ಅಂದಳು ಇವಳು.

ಅಷ್ಟರಲ್ಲಿ ಹಳದಿ ಕೊಕ್ಕಿನ ಒಂದು ಕಾಗೆ ಬಂದು ಕಟ್ಟೆಯ ಮೇಲೆ ಕೂತಿತು. ಆಲ್ಪ್ಸ್‌ನ ಎತ್ತರದಲ್ಲಿ ಈ ಜಾತಿ ಇರುತ್ತದೆ, ಚಾರಣಿಗರ ತಿಂಡಿಗೆ ಕಾಯುತ್ತದೆ. ಸೆಪ್ಟೆಂಬರ್ ತಿಂಗಳು, ಊರಿನಲ್ಲಿ ಪಿತೃಪಕ್ಷ. ಇವಳು ಉಳಿದ ಚಕ್ಕುಲಿಯಲ್ಲಿ ಒಂದನ್ನು ಭಯಭಕ್ತಿಯಿಂದ ಕಲ್ಲಿನ ಮೇಲಿಟ್ಟಳು. ಕಾಗೆ ಅದನ್ನು ಬಿಟ್ಟು ನನ್ನ ಕೈಯಲ್ಲಿದ್ದದ್ದನ್ನೇ ಕಿತ್ತುಕೊಂಡು ಹೋಯಿತು.

"ನಮ್ಮ ಮಾವನವರೇ" ಅಂದಳು. "ಅವರಿಗೆ ತಟ್ಟೇಲಿ ಇಟ್ಟಿದ್ದು ಯಾವತ್ತು ಸೇರಿತ್ತು?"

ನಮ್ಮಪ್ಪನಿಗೆ ಬದುಕಿದ್ದಾಗ ಪಾಸ್‌ಪೋರ್ಟೂ ಇರಲಿಲ್ಲ. ಆದರೂ ನನಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಇಳಿಯುವುದು ಇನ್ನೊಂದು ಬದಿಯಿಂದ, ಬುಸಾಲ್ಪ್ ಕಡೆಗೆ. ಅಲ್ಲಿಂದ ಹಳ್ಳಿಗೆ ಬಸ್ಸಿದೆ. ಹತ್ತುವಾಗ ಉಸಿರಿನದು ಗೋಳು, ಇಳಿಯುವಾಗ ಮಂಡಿಯದು. ಕೊನೆಯ ತಿರುವಿಗೆ ಬರುವಾಗ ಹಳದಿ ಬಸ್ಸು ಕಂಡಿತು. ಕೈಬೀಸಿದೆವು, ಕೂಗಿದೆವು. ನಮ್ಮೂರಾಗಿದ್ದರೆ ಕಂಡಕ್ಟರು ಬೈಯುತ್ತಲೇ ಹತ್ತಿಸಿಕೊಳ್ಳುತ್ತಿದ್ದರು. ಇಲ್ಲಿ ಬಸ್ಸು ತನ್ನ ನಿಮಿಷಕ್ಕೆ ಸರಿಯಾಗಿ ಹೊರಟಿತು. ಅದೇ ಆ ದಿನದ ಕೊನೆಯದು.

"ಪರವಾಗಿಲ್ಲ ಭಾವ, ನಡೆದ್ರೆ ಬೇಗ ಸಿಗತ್ತೆ" ಅಂದ ಭಾಮೈದ, ಬೋರ್ಡನ್ನು ಮೈಯಿಂದ ಮರೆಮಾಡುತ್ತಾ. "ಮಂಡಿ ನೋವಿದ್ರೆ ಹಿಮ್ಮುಖವಾಗಿ ಇಳೀರಿ. ಭಾರ ಕಮ್ಮಿ ಬೀಳತ್ತೆ."

ಹಿಮ್ಮುಖವಾಗಿ ಇಳಿದೆ. ಇವಳು ನನ್ನ ಬ್ಯಾಗು ಹಿಡಿದು ಎಡ, ಬಲ ಅಂತ ದಾರಿ ಹೇಳುತ್ತಿದ್ದಳು. ನಿಜ ಹೇಳಬೇಕೆಂದರೆ ಮಂಡಿಗೆ ಸ್ವಲ್ಪ ಆರಾಮವೇ ಆಯಿತು. ಆಗ ಮೇಲಿನ ತಿರುವಿನಲ್ಲಿ ಟಕಟಕ ಸದ್ದು. ಬೆಳಗಿನ ಅದೇ ಅಜ್ಜಿ, ಅದೇ ಎರಡು ಕೋಲು. ಅವರ ಮುಖ ನನ್ನ ಕಡೆಗೆ, ನನ್ನ ಮುಖ ಅವರ ಕಡೆಗೆ. ಇಬ್ಬರೂ ಒಂದೇ ದಿಕ್ಕಿಗೆ ಇಳಿಯುತ್ತಿದ್ದೇವೆ. ಹಿಮ್ಮುಖವಾಗಿ ನಡೆಯುವವನು ಬಗ್ಗಿ ಲೇಸು ಕಟ್ಟುವ ಹಾಗೂ ಇಲ್ಲ.

"ಗ್ರ್ಯುಯೆಸ್ಸೆಖ್" ಅಂದೆ. ಮೊದಲ ಸಲ 'ಖ್' ಸರಿಯಾಗಿ ಬಂತು.

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಧಾನವಾಗಿ ಇಂಗ್ಲಿಷಿನಲ್ಲಿ ಕೇಳಿದರು. "ನಾಳೆ ಯಾವ ಬೆಟ್ಟ?"

"ಮೆನ್ಲಿಖೆನ್!" ಅಂತ ಕೆಳಗಿನಿಂದ ಭಾಮೈದ ಕೂಗಿದ.

"ಅವನೊಬ್ಬನೇ" ಅಂತ ಇವಳು ಕನ್ನಡದಲ್ಲೇ ಅಜ್ಜಿಗೆ ಹೇಳಿದಳು. ಅಜ್ಜಿ ಅರ್ಥವಾದವರಂತೆ ತಲೆಯಾಡಿಸಿ, ನಮ್ಮನ್ನು ದಾಟಿ ಹೋದರು.