ಚೀಲವೇ ಹೇಳಿದ ಮೇಲೆ ಮಣ್ಣಿನದೇನು ಮಾತು?

ಕೃಷಿಯಲ್ಲಿ ಮಣ್ಣು ಪರೀಕ್ಷೆಗೆ ಸಿಗುವಷ್ಟು ಮರ್ಯಾದೆ ಬೇರಾವುದಕ್ಕೂ ಸಿಗುವುದಿಲ್ಲ. ಭಾಷಣದಲ್ಲಿ ಅದಿದೆ, ಗೋಡೆಬರಹದಲ್ಲಿ ಅದಿದೆ, ತರಬೇತಿಯ ಮೊದಲ ಪಾಠವೇ ಅದು. ಗೊಬ್ಬರ ಹಾಕುವ ದಿನ ಮಾತ್ರ ಕಾಣೆ. ಆ ಹೊತ್ತಿಗೆ ತೀರ್ಮಾನವಾಗಿರುತ್ತದೆ, ತೀರ್ಮಾನಿಸಿದ್ದು ಚೀಲ. ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರದ ಚೀಲದ ಮೇಲೆ 18:46:0 ಎಂದು ಅಚ್ಚಾಗಿದೆ, ಅಂದ ಮೇಲೆ ಮರಗೆಣಸಿಗೆ ಬೇಕಾಗಿರುವುದೂ ಅಷ್ಟೇ. ಮೊದಲ ಅಂಕಿ ಸಾರಜನಕದ್ದು, ನಡುವಿನದು ರಂಜಕದ್ದು, ಕೊನೆಯ ಸೊನ್ನೆ ಪೊಟ್ಯಾಷ್‌ನದು. ಗೆಡ್ಡೆಯ ಜೊತೆ ಹೊಲದಿಂದ ಹೊರಟುಹೋಗುವ ಪೊಟ್ಯಾಷ್ ರಂಜಕಕ್ಕಿಂತ ಎಷ್ಟೋ ಪಾಲು ಹೆಚ್ಚು ಎಂಬುದು ಚೀಲಕ್ಕೆ ಗೊತ್ತಿಲ್ಲ, ಪಾಪ.

ಮರಗೆಣಸಿನ ನಡತೆಯೂ ಅಧಿಕಾರಿಗಳಿಗೆ ಮುಜುಗರ ತರುವಂಥದು. ಒರಟು ಬೇರು, ಬೇರುಕೂದಲು ವಿರಳ. ನ್ಯಾಯವಾಗಿ ಅದು ರಂಜಕವಿಲ್ಲದೆ ಸೊರಗಬೇಕಿತ್ತು. ಆದರೆ ಬೇರಿನೊಡನೆ ಕೂಡಿ ಬಾಳುವ ಮೈಕೊರೈಜಾ ಶಿಲೀಂಧ್ರಗಳೊಂದಿಗೆ ಒಳಒಪ್ಪಂದ ಮಾಡಿಕೊಂಡು, ಬೇರೆ ಬೆಳೆಗಳು ಕೈಚೆಲ್ಲುವ ಮಣ್ಣಿನಿಂದಲೂ ಅದು ರಂಜಕ ಹೀರುತ್ತದೆ. ಮಣ್ಣು ಪರೀಕ್ಷೆಯಲ್ಲಿ ಬೇರೆ ಬೆಳೆಗೆ ‘ಕಡಿಮೆ’ ಎನಿಸುವ ರಂಜಕದ ಅಂಕಿ ಇದಕ್ಕೆ ‘ಸಾಕು’ ಆಗಬಹುದು. ಬೆಳೆಗೊಂದು ಮಿತಿ ಎಂದು ಒಪ್ಪಿಕೊಂಡರೆ ಶಿಫಾರಸಿನ ಪಟ್ಟಿಯನ್ನು ಮತ್ತೆ ಅಚ್ಚು ಹಾಕಿಸಬೇಕಾಗುತ್ತದೆ. ಯಾರಿಗೆ ಬೇಕು ಆ ರಗಳೆ!

ಇನ್ನು ಮಾದರಿ ತೆಗೆಯುವ ಸಂಭ್ರಮ. ಹೊಲದಲ್ಲಿ ಅಂಕುಡೊಂಕಾಗಿ ನಡೆದು, ಹಲವು ಕಡೆ ಮೇಲಿನ 15–20 ಸೆಂಟಿಮೀಟರ್ ಮಣ್ಣು ತೆಗೆದು, ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲುತ್ತಾ ಹೋಗಿ ಅರ್ಧ ಕಿಲೋ ಉಳಿಸಿಕೊಳ್ಳಬೇಕು ಎನ್ನುತ್ತದೆ ಕೈಪಿಡಿ. ಕೈಪಿಡಿ ಬರೆದವರು ಬಿಸಿಲು ಕಂಡಂತಿಲ್ಲ. ಮರದ ನೆರಳಿನಲ್ಲಿ, ತಿಪ್ಪೆಗೆ ಹತ್ತಿರದಲ್ಲೇ ಒಂದು ಬೊಗಸೆ ಎತ್ತಿದರೆ ಮಾದರಿಯೂ ಆಯಿತು, ವರ್ಷದ ಗುರಿಯಲ್ಲಿ ಒಂದು ಅಂಕಿಯೂ ಸೇರಿತು. ಆ ತಿಪ್ಪೆಯ ಪುಣ್ಯದಿಂದ ಇಡೀ ಹೊಲ ಫಲವತ್ತು.

ಪ್ರಯೋಗಾಲಯದ್ದು ಇನ್ನೂ ರಸವತ್ತಾದ ಕಥೆ. ಲಭ್ಯ ರಂಜಕ ಅಳೆಯಲು ಆಮ್ಲೀಯ ಮಣ್ಣಿಗೆ ಬ್ರೇ ವಿಧಾನ, ಸುಣ್ಣದಂಶದ ಮಣ್ಣಿಗೆ ಓಲ್ಸೆನ್ ವಿಧಾನ. ಅಂಕಿಗಳೂ ಬೇರೆ, ಅವನ್ನು ಓದುವ ಪಟ್ಟಿಗಳೂ ಬೇರೆ. ಬ್ರೇ ಅಂಕಿಯನ್ನು ಓಲ್ಸೆನ್ ಪಟ್ಟಿಯಲ್ಲಿಟ್ಟು ಓದಿದರೆ ಬಡ ಮಣ್ಣು ರಾತ್ರೋರಾತ್ರಿ ಸಾಹುಕಾರನಾಗಬಹುದು. ಚೀಲದ ಮೇಲಿನ 46 ಕೂಡ ಬರಿಯ ರಂಜಕವಲ್ಲ, ಆಮ್ಲಜನಕವನ್ನೂ ಸೇರಿಸಿಕೊಂಡ ರಂಜಕದ ಪೆಂಟಾಕ್ಸೈಡ್ ಲೆಕ್ಕ. ರಂಜಕದ ಅಂಕಿಯನ್ನು ಆ ಲೆಕ್ಕಕ್ಕೆ ತರಲು 2.29ರಿಂದ ಗುಣಿಸಬೇಕು. (ಗುಣಾಕಾರ ಬಲ್ಲವರು ಅಂದು ರಜೆಯಲ್ಲಿರುತ್ತಾರೆ.)

ರಂಜಕವನ್ನು ಕೊಡಬೇಕಾದದ್ದು ನಾಟಿಯ ಹೊತ್ತಿಗೆ. ವರದಿ ಬರುವುದು ಗೆಡ್ಡೆ ಅಗೆಯುವ ಹೊತ್ತಿಗೆ. ಅದರಲ್ಲೇನಿದೆ? ‘ಲಭ್ಯ ರಂಜಕ: ಅಧಿಕ. ಶಿಫಾರಸು: ಎಂದಿನ ಪ್ರಮಾಣ.’ ಹಿಂದಿನ ಬೆಳೆಗಳಿಗೆ ಹಾಕಿದ್ದು ಮಣ್ಣಿನಲ್ಲೇ ಉಳಿದಿದೆಯಲ್ಲ ಎಂದು ಕೇಳುವವರು ಪ್ರಗತಿವಿರೋಧಿಗಳು. ಕೆಂಪು ಆಮ್ಲೀಯ ಮಣ್ಣಿನಲ್ಲಿ ಕಬ್ಬಿಣವೂ ಅಲ್ಯೂಮಿನಿಯಮ್ಮೂ ತಮ್ಮ ಪಾಲನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಮಳೆಗೆ ಕೊಚ್ಚಿಹೋದ ಮಣ್ಣಿನ ಜೊತೆ ಒಂದಿಷ್ಟು ರಂಜಕ ಕೆರೆ ಸೇರುತ್ತದೆ. ಅಲ್ಲಿ ಪಾಚಿಯ ಇಳುವರಿ, ಯಾವ ಯೋಜನೆಯ ನೆರವೂ ಇಲ್ಲದೆ, ಪ್ರತಿವರ್ಷ ದಾಖಲೆ ಮುರಿಯುತ್ತದೆ.

ರಂಜಕ ಅತಿಯಾಗಿ ಸತುವಿನ ಕೊರತೆ ತಲೆದೋರಿ, ಎಳೆಯ ಎಲೆಗಳು ಬಿಳಿಚಿಕೊಂಡರೆ ಗಾಬರಿ ಬೇಡ. ಸತುವಿನ ಚೀಲವೂ ಸಿದ್ಧವಿದೆ, ಡಿಎಪಿಯ ಪಕ್ಕದಲ್ಲೇ ಪೇರಿಸಿಟ್ಟಿದ್ದಾರೆ. ಎಷ್ಟು ಹಾಕಬೇಕೆಂದು ಅದರ ಮೇಲೂ ಅಚ್ಚಾಗಿದೆ.