ಶೋಲೆತ್ ಮತ್ತು ಸುಮ್ಮನಿರದ ಸೌಟು

ಹಂಗೇರಿಯ ಶೋಲೆತ್ ಎಂಬ ಖಾದ್ಯಕ್ಕೆ ಬೇಕಾದ ಮುಖ್ಯ ಸಾಮಗ್ರಿ ರಾಜ್ಮಾವೂ ಅಲ್ಲ, ಬಾರ್ಲಿಯೂ ಅಲ್ಲ. ಒಲೆಯ ಹತ್ತಿರ ಸುಳಿಯದೆ ಸುಮ್ಮನಿರಬಲ್ಲ ಮನೆಮಂದಿ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಬೆಂಕಿ ಹೊತ್ತಿಸಬಾರದೆಂಬ ಸಬ್ಬತ್ (ವಾರದ ವಿಶ್ರಾಂತಿ ದಿನ) ನಿಯಮವನ್ನು ಪಾಲಿಸುತ್ತಿದ್ದ ಯಹೂದಿ ಕುಟುಂಬಗಳು ಕಾಳು, ಬಾರ್ಲಿ, ಈರುಳ್ಳಿ, ಹೊಗೆಯಲ್ಲಿ ಹದಗೊಳಿಸಿದ ಹೆಬ್ಬಾತಿನ ಮಾಂಸ ಇವುಗಳನ್ನೆಲ್ಲ ಪಾತ್ರೆಗೆ ತುಂಬಿ, ಹೊತ್ತು ಮುಳುಗುವ ಮೊದಲೇ ಬೇಕರಿಯವನ ಒಲೆಗೆ ಸೇರಿಸಿ, ಮರುದಿನ ಮಧ್ಯಾಹ್ನ ಬಿಸಿಯಾಗಿಯೇ ತಂದು ಉಣ್ಣುತ್ತಿದ್ದವು. ಈಗ ಯಹೂದಿಗಳಲ್ಲದ ಹಂಗೇರಿಯನ್ನರಿಗೂ ಇದು ಅಚ್ಚುಮೆಚ್ಚು. ಅವರಲ್ಲಿ ಅನೇಕರು ಇದಕ್ಕೆ ಹಂದಿಮಾಂಸವನ್ನೇ ಹಾಕುತ್ತಾರೆ ಎಂಬುದು ಬೇರೆ ಮಾತು.

ಬುಡಾಪೆಸ್ಟಿನ ನಮ್ಮ ಬಾಡಿಗೆ ಮನೆಗೆ ದಾವಣಗೆರೆಯಿಂದ ಅತ್ತೆಯವರು ಬಂದಿದ್ದಾಗ, ಎದುರು ಮನೆಯ ಅಜ್ಜಿಯನ್ನು ಊಟಕ್ಕೆ ಕರೆದು, ಮಾಂಸವಿಲ್ಲದ ಶೋಲೆತ್ ಮಾಡುವುದೆಂದು ನಿಶ್ಚಯಿಸಿದೆ. ಈರುಳ್ಳಿ ಬಾಡಿದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ ಪಾಪ್ರಿಕಾ ಎಂಬ ಕೆಂಪು ಮೆಣಸಿನಪುಡಿ ಹಾಕಬೇಕು, ಏಕೆಂದರೆ ಸಕ್ಕರೆಯಂಶವಿರುವ ಆ ಪುಡಿ ಕಾದ ಎಣ್ಣೆಯಲ್ಲಿ ಕ್ಷಣಾರ್ಧದಲ್ಲಿ ಸೀದು ಕಹಿಯಾಗುತ್ತದೆ. ಸಾಸಿವೆ ಚಟಪಟ ಎನ್ನದ ಎಣ್ಣೆ ಎಣ್ಣೆಯೇ ಅಲ್ಲವೆಂದು ನಂಬಿರುವ ನಮ್ಮ ಯಜಮಾನರು, ನಾನು ಬಾಗಿಲು ತೆರೆಯಲು ಹೋದ ಹೊತ್ತಿನಲ್ಲಿ ಉರಿ ಹೆಚ್ಚಿಸಿ, ಸೆಗೆದ್ ಎಂಬ ಊರಿನಿಂದ ತಂದಿದ್ದ ಪುಡಿಯನ್ನು ಧಾರಾಳವಾಗಿ ಸುರಿದರು. ಕೆಂಪು ಕಪ್ಪಾಯಿತು, ಹೊಗೆಯ ಎಚ್ಚರಿಕೆ ಗಂಟೆ ಕೂಗಿಕೊಂಡಿತು, ಅತ್ತೆಯವರು ದೇವರ ನಾಮ ನಿಲ್ಲಿಸಿ ಓಡಿಬಂದರು. ಎರಡನೆಯ ಒಗ್ಗರಣೆಗೆ ಪುಡಿ ಸಾಲದೆ ಅತ್ತೆಯವರ ಚೀಲದಲ್ಲಿದ್ದ ಬ್ಯಾಡಗಿ ಮೆಣಸಿನಪುಡಿಯೇ ನೆರವಾಯಿತು; ಬಣ್ಣ ಜಾಸ್ತಿ, ಖಾರ ಕಡಿಮೆ ಎಂಬ ವಿಷಯದಲ್ಲಿ ಬ್ಯಾಡಗಿಯೂ ಪಾಪ್ರಿಕಾವೂ ದೂರದ ನೆಂಟರು.

ನೆನೆಸಿ ಕುದಿಸಿಟ್ಟ ರಾಜ್ಮಾ, ಒಂದು ಹಿಡಿ ಬಾರ್ಲಿ, ಚಿಪ್ಪಿನ ಸಮೇತ ತೊಳೆದ ಮೊಟ್ಟೆಗಳು, ಮೇಲೆ ನೀರು, ಮುಚ್ಚಳ; ಇಷ್ಟಾದ ಮೇಲೆ ಸಣ್ಣ ಉರಿಯ ಓವನ್ನಿನಲ್ಲಿ ರಾತ್ರಿಯಿಡೀ ಬೇಯಬೇಕು, ಯಾರೂ ಮುಟ್ಟಬಾರದು ಎಂದು ಹೇಳಿ ಮಲಗಿದೆ. ಆದರೆ ಸೌಟು ಆಡಿಸದೆ ಅಡುಗೆ ಆಗುತ್ತದೆಂಬುದನ್ನು ಅತ್ತೆಯವರ ಅನುಭವ ಒಪ್ಪಲಿಲ್ಲ. ಅವರು ನಡುರಾತ್ರಿ ಎದ್ದು ಮುಚ್ಚಳ ತೆಗೆದು ನೋಡಿ, ಅತಿಥಿಗೆ ಬಡಿಸುವ ಪದಾರ್ಥ ಇಷ್ಟು ನೀರಾಗಿರುವುದು ಮರ್ಯಾದೆಯಲ್ಲವೆಂದು ಮತ್ತಷ್ಟು ಬಾರ್ಲಿ ಸುರಿದು, ಕಲಕಿ, ತೃಪ್ತಿಯಿಂದ ಮಲಗಿದ್ದರು. ಜ್ವರದವರಿಗೆ ಗಂಜಿ ಕಾಸುವ ಆ ಬಡಪಾಯಿ ಧಾನ್ಯ ಹಲವು ಪಟ್ಟು ಉಬ್ಬುತ್ತದೆಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ನಿದ್ದೆಗಣ್ಣಿನಲ್ಲಿ ನೆನಪಾಗಲಿಲ್ಲ.

ಬೆಳಿಗ್ಗೆ ಮುಚ್ಚಳವು ಪಾತ್ರೆಯನ್ನು ಬಿಟ್ಟು ಎರಡು ಬೆರಳು ಮೇಲೆ ಕುಳಿತಿತ್ತು. ನೆಟ್ಟ ಸೌಟು ಗರುಡಗಂಬದಂತೆ ನಿಂತಿತು. ಮೊಟ್ಟೆಗಳನ್ನು ಅಗೆದು ತೆಗೆಯಬೇಕಾಯಿತು. ಶೋಲೆತ್‌ನಲ್ಲಿ ಮೊಟ್ಟೆಯ ಬಿಳಿಭಾಗ ಕಂದುಬಣ್ಣಕ್ಕೆ ತಿರುಗುವುದೇ ಸರಿಯಾದ ಲಕ್ಷಣವೆಂದು ಎಷ್ಟು ಹೇಳಿದರೂ, ಕೆಟ್ಟ ಮೊಟ್ಟೆ ಮಾರಿದ ಅಂಗಡಿಯವನಿಗೆ ಅತ್ತೆಯವರು ಶಾಪ ಹಾಕುತ್ತಲೇ ಇದ್ದರು.

ಮಧ್ಯಾಹ್ನ ಬಂದ ಅಜ್ಜಿ, ಚಾಕುವಿನಿಂದ ಕತ್ತರಿಸಿ ಬಡಿಸಿದ ಶೋಲೆತ್ತನ್ನು ಗಂಭೀರವಾಗಿ ನೋಡಿ, ರುಚಿ ನೋಡಿ, ಮತ್ತೆ ಹಾಕಿಸಿಕೊಂಡು, ಹೊರಡುವಾಗ ಪಾಕವಿಧಾನವನ್ನು ಬರೆದುಕೊಡಲು ಹೇಳಿದರು. ನಾನು ಕಾಗದ ತೆಗೆದೊಡನೆ ಅತ್ತೆಯವರು ಕನ್ನಡದಲ್ಲಿ ಪಿಸುಗುಟ್ಟಿದರು: "ಬಾರ್ಲಿ ಒಂದೇ ಹಿಡಿ ಅಂತ ಬರಿಯಮ್ಮ. ಉಳಿದದ್ದು ನಮ್ಮ ಕೈಗುಣ ಅಂದುಕೊಳ್ಳಲಿ."