ಒಂದೇ ಮನೆ, ಒಂದೇ ಜ್ವರ: ಯಾರಿಗೆ ಜೋರು ಅಂತ ಜೀನ್ ನೋಡಿ ತಿಳಿಯಬೇಕಾ?

ಪರ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯಲ್ಲಿ ಐವರಿಗೂ ಕೊರೊನಾ ಬಂತು. ಎಪ್ಪತ್ತು ದಾಟಿದ ಅಜ್ಜಿ ಎರಡು ದಿನ ಗಂಜಿ ಕುಡಿದು ಎದ್ದರು. ಮೂವತ್ತೆರಡರ ಅಣ್ಣ ಹನ್ನೊಂದು ದಿನ ಆಕ್ಸಿಜನ್ ಹಾಕಿಕೊಂಡು ಮಲಗಿದ್ದ. ಬೀಡಿ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ನೆಂಟರು "ಹಣೆಬರಹ" ಅಂದರು.

ಹಾಗಂತ ಸುಮ್ನೆ ಬಿಡೋಕಾಗುತ್ತಾ? ವೈರಸ್ ಹೊಕ್ಕ ಕೂಡಲೇ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಪ್ರೋಟೀನ್ ಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತವೆ. ಟಿಎಲ್‌ಆರ್7 ಎಂಬ ಜೀನ್ ಕೆಟ್ಟಿದ್ದರೆ ಆ ಎಚ್ಚರಿಕೆ ಸರಿಯಾಗಿ ಹೋಗುವುದಿಲ್ಲ. ಆ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ (ಕ್ರೋಮೋಸೋಮ್ ಅಂದರೆ ಜೀನ್‌ಗಳನ್ನು ಹೊತ್ತ ಎಳೆ). ಗಂಡಸರಿಗೆ ಇರೋದೇ ಒಂದು ಎಕ್ಸ್, ಹಾಗಾಗಿ ಅದು ಕೆಟ್ಟರೆ ಬದಲಿ ಇಲ್ಲ. ಗಟ್ಟಿಮುಟ್ಟಾದ ಕೆಲವು ಯುವಕರು ಕೊರೊನಾದಲ್ಲಿ ಸಾವಿನಂಚಿಗೆ ಹೋದದ್ದು ಇದರಿಂದಲೇ. ಮೊದಲೇ ಗೊತ್ತಿದ್ದರೆ ಲಸಿಕೆಯ ಸಾಲಿನಲ್ಲಿ ಅಂಥವರನ್ನು ಮುಂದೆ ನಿಲ್ಲಿಸಬಹುದಿತ್ತಲ್ವಾ? ಕಾರಣವಿಲ್ಲದೆ ಹೀಗೆ ಮಲಗಿದ ಯುವಕರಿಗೆ ಈ ಜೀನ್‌ನ ಪರೀಕ್ಷೆ ಆಗಲಿ. ಅವರ ತಮ್ಮಂದಿರಿಗೂ ಆಗಲಿ. ನಾನೂ ಒಬ್ಬ ತಮ್ಮ.

ವಿರೋಧ

ಅಣ್ಣನ ವಿಷಯ ಓದಿ ಸಂಕಟವಾಯಿತು. ಆದರೂ ಒಪ್ಪಲಾರೆ. ಟಿಎಲ್‌ಆರ್7 ದೋಷ ತೀರಾ ಅಪರೂಪ. ಹೆಚ್ಚು ಜನರಲ್ಲಿ ಸಿಗುವಂಥದ್ದು ಬೇರೆ. ಮೂರನೇ ಕ್ರೋಮೋಸೋಮಿನ ಒಂದು ತುಣುಕು ಕೊರೊನಾವನ್ನು ಜೋರು ಮಾಡುತ್ತದೆ, ಅದು ಎಂದೋ ಅಳಿದುಹೋದ ನಿಯಾಂಡರ್ತಾಲ್ ಮಾನವರಿಂದ ಬಂದದ್ದು ಎಂದು 2020ರಲ್ಲಿ ವಿಜ್ಞಾನಿಗಳಾದ ಹ್ಯೂಗೋ ಜೆಬರ್ಗ್ ಮತ್ತು ಸ್ವಾಂತೆ ಪಾಬೋ ತೋರಿಸಿದರು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧ ಜನರಲ್ಲಿ ಅದಿದೆ. ಅರ್ಧ ಊರಿಗೆ "ನಿಮಗೆ ಅಪಾಯ ಜಾಸ್ತಿ" ಅಂತ ಚೀಟಿ ಬರೆದುಕೊಟ್ಟು ಏನು ಮಾಡೋದು? ಅವರಲ್ಲೂ ಹೆಚ್ಚಿನವರು ಮನೆಯಲ್ಲೇ ಗುಣವಾದರು.

ನಮ್ಮ ಕಡೆಯ ಡೆಂಗಿ ನೋಡಿ. ಆ ವೈರಸ್ಸಿನಲ್ಲಿ ನಾಲ್ಕು ಬಗೆ. ಮೊದಲು ಒಂದು ಬಗೆ ಬಂದು ಹೋಗಿ, ಆಮೇಲೆ ಇನ್ನೊಂದು ಬಂದರೆ ಜ್ವರ ವಿಪರೀತಕ್ಕೆ ಹೋಗುವ ಸಂಭವ ಜಾಸ್ತಿ. ಹಳೇ ಜ್ವರದ ಆಂಟಿಬಾಡಿಯೇ ಹೊಸ ವೈರಸ್ಸಿಗೆ ದಾರಿ ಮಾಡಿಕೊಡುತ್ತದೆ. ಹೋದ ವರ್ಷ ನಿಮ್ಮನ್ನು ಯಾವ ಸೊಳ್ಳೆ ಕಚ್ಚಿತು ಅಂತ ಜೀನ್‌ಗೆ ಹೇಗೆ ಗೊತ್ತಾಗಬೇಕು?

ಮೊನ್ನೆ ಮಳೆ ಬಿಟ್ಟ ಬೆಳಗ್ಗೆ ತೋಟಕ್ಕೆ ಇಳಿದಿದ್ದೆ. ಬಿದ್ದ ಅಡಿಕೆ ಹಾಳೆಯ ಗುಂಡಿಯಲ್ಲಿ ಒಂದು ಬೊಗಸೆ ನೀರು. ಬಗ್ಗಿ ನೋಡಿದರೆ ಸೊಳ್ಳೆಮರಿಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ಹಾಳೆ ಕವುಚಿ ಹಾಕಿದೆ. ಮುಂದೆ ಇನ್ನೂ ಮೂವತ್ತು ನಲವತ್ತು ಹಾಳೆ ಬಿದ್ದಿದ್ದವು.

ಇನ್ನೊಂದು ಮಾತು. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ, ನಮ್ಮ ಕಡೆಯಿಂದ ಮಂಗಳೂರಿಗೆ ಹೊರಟ ಆಂಬುಲೆನ್ಸ್‌ಗಳು ವಾಪಸ್ ಬಂದವು. ಯಾರು ಉಳಿಯುತ್ತಾರೆ ಅನ್ನೋದನ್ನು ಅವತ್ತು ತೀರ್ಮಾನಿಸಿದ್ದು ರಸ್ತೆ. ಖರ್ಚು ಮಾಡಲು ಹಣವಿದ್ದರೆ ಡೆಂಗಿಯಲ್ಲಿ ಕುಸಿಯುವ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ರಾತ್ರಿಯೂ ಎಣಿಸಿ ಕೊಡುವ ಲ್ಯಾಬ್ ಇಲ್ಲೇ, ಗಡಿಯ ಈಚೆ ಕಡೆ ಆಗಲಿ.